ಒಳಗೆ ಯಾರು?

ಗಾಳಿ ಶುದ್ಧ ಮಾಡುವ ಯಂತ್ರದ ಬೆನ್ನಿನಿಂದ ಸೋಸುವ ಬಟ್ಟೆ ಬಿಚ್ಚಿದಾಗ ಅದು ಬಾಣಲೆಯ ತಳದಷ್ಟು ಕಪ್ಪಗಿತ್ತು. ನಾಲ್ಕು ದಿನದ ಹಿಂದೆ ಹಾಕಿದ ಹೊಸ ಬಟ್ಟೆ. ಮುಚ್ಚಿದ ಕೋಣೆಯಲ್ಲಾದರೆ ಹದಿನೈದು ದಿನ ಬರುತ್ತದೆ ಎಂದು ಅಂಗಡಿಯವನು ಹೇಳಿದ್ದ. ಅಂಗಡಿಯವರ ಮಾತನ್ನು ನಾನು ನಂಬುವುದಿಲ್ಲ, ಹಾಗಾಗಿ ಹತ್ತು ದಿನ ಎಂದು ಲೆಕ್ಕ ಹಿಡಿದಿದ್ದೆ. ನಾಲ್ಕೇ ದಿನಕ್ಕೆ ಹೀಗಾಗಬೇಕಾದರೆ ಒಂದೇ ಅರ್ಥ. ನಾನಿಲ್ಲದಾಗ ಯಾರೋ ಹೆಂಡತಿಯನ್ನು ಇಟ್ಟಿರುವ ಆ ಕೋಣೆಯ ಬಾಗಿಲು ತೆಗೆಯುತ್ತಿದ್ದಾರೆ.

"ತೆಗೆದಿದ್ಯಾರು?" ಎಂದೆ.

"ಏನು ತೆಗೆದಿದ್ದು?" ಎಂದಳು ನನ್ನ ಹೆಂಡತಿ, ಮಂಚದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಾ.

ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಡುವವರನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ನಾನು ಮೀನು ಬಂದರಿನ ಶೀತಲ ಗೋದಾಮಿನಲ್ಲಿ ಫೋರ್‌ಮನ್. ಸಿಗಡಿ ಕದ್ದು ಅಂಗಿಯೊಳಗೆ ಸೇರಿಸಿಕೊಂಡವನು ಯಾವಾಗಲೂ "ಯಾವ ಸಿಗಡಿ ಸಾರ್?" ಎಂದೇ ಶುರು ಮಾಡುತ್ತಾನೆ. ಅಷ್ಟರಲ್ಲಿ ಅವನ ಹೊಟ್ಟೆಯ ಮೇಲೆ ಐಸು ಕರಗಿ ಅಂಗಿ ಒದ್ದೆಯಾಗಿರುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗೋದಾಮಿನಲ್ಲಿ ನನಗೆ ಇಟ್ಟಿರುವ ಹೆಸರು ಭೂತಗನ್ನಡಿ. ನನಗೆ ಅದರಿಂದ ಬೇಸರವೇನಿಲ್ಲ. ಭೂತಗನ್ನಡಿ ಇದ್ದುದರಿಂದಲೇ ಗೋದಾಮಿನಲ್ಲಿ ಮೀನು ಉಳಿದಿದೆ.

ಹೆಂಡತಿ ಸುಳ್ಳು ಹೇಳುತ್ತಿದ್ದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಸುಳ್ಳು ಹೇಳಿದ್ದು ಕಡಿಮೆ, ಹೇಳಿದಾಗಲೆಲ್ಲ ಕೈಗೆ ಸಿಕ್ಕಿದ ಕೆಲಸವನ್ನು ಜೋರಾಗಿ ಮಾಡುತ್ತಾಳೆ. ಆವತ್ತು ಬೆಳ್ಳುಳ್ಳಿ ಸಿಪ್ಪೆ ಕೋಣೆ ತುಂಬ ಹಾರಾಡುತ್ತಿತ್ತು.

ಆ ಬೇಸಿಗೆ ನಮ್ಮ ಊರಿಗೆ ಎರಡು ಕಡೆಯಿಂದ ಏಟು. ಒಂದು ಬಿಸಿಲು. ಬೆಳಗ್ಗೆ ಒಂಬತ್ತಕ್ಕೇ ಬಸ್ಸಿನ ಕಂಬಿ ಮುಟ್ಟುವಂತಿರಲಿಲ್ಲ, ಜನ ಕರವಸ್ತ್ರ ಸುತ್ತಿ ಹಿಡಿದುಕೊಳ್ಳುತ್ತಿದ್ದರು. ಇನ್ನೊಂದು ಹೊಗೆ. ಕಡಲ ದಂಡೆಯಲ್ಲಿ ವರ್ಷಗಟ್ಟಲೆ ಬೆಳೆದಿದ್ದ ಕಸದ ಗುಡ್ಡಕ್ಕೆ ಬೆಂಕಿ ಬಿದ್ದು ಮೂರು ವಾರವಾಗಿತ್ತು. ಮೇಲೆ ಎಷ್ಟು ನೀರು ಸುರಿದರೂ ಒಳಗಿನದು ಬೂದಿ ಮುಚ್ಚಿದ ಕೆಂಡ. ಬೆಳಗಿನ ಗಾಳಿ ಹೊಗೆಯನ್ನು ಕಡಲ ಮೇಲಕ್ಕೆ ಒಯ್ಯುತ್ತಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಗಾಳಿ ತಿರುಗಿ, ಒಯ್ದಿದ್ದನ್ನೆಲ್ಲ ವಾಪಸು ತಂದು ನಮ್ಮ ಬೀದಿಯಲ್ಲಿ ಸುರಿಯುತ್ತಿತ್ತು. ಐದರವರೆಗೆ ಎದುರಿನ ಕಟ್ಟಡ ಕಾಣುತ್ತಿರಲಿಲ್ಲ. ಹಿಂದೆಲ್ಲ ಕಡಲ ಗಾಳಿ ಬಂತೆಂದರೆ ಕಿಟಕಿ ತೆಗೆಯುತ್ತಿದ್ದೆವು. ಈಗ ಅದೇ ಹೊತ್ತಿಗೆ ಓಡಿಹೋಗಿ ಮುಚ್ಚುವುದು.

ನನ್ನ ಹೆಂಡತಿಗೆ ಮೊದಲಿಂದಲೂ ಉಬ್ಬಸ. ಹೊಗೆ ಶುರುವಾದ ವಾರದಲ್ಲೇ ಅವಳನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕಾಯಿತು. ಬಿಟ್ಟು ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, "ಈ ಸಲ ತಂದ್ರಿ, ಉಳೀತು. ಇನ್ನೊಂದ್ಸಲ ಇಷ್ಟು ಜೋರಾಗಿ ಬಂದ್ರೆ ಇಲ್ಲಿವರೆಗೂ ತರೋಕೆ ಟೈಮ್ ಸಿಗುತ್ತೆ ಅಂತ ನಾನು ಹೇಳಲ್ಲ. ಮಳೆ ಬರೋವರೆಗೂ ಒಂದು ರೂಮಲ್ಲಿ ಇಟ್ಟುಬಿಡಿ. ಹೊಗೆನೂ ತಾಗಬಾರ್ದು, ಸೆಕೆನೂ ತಾಗಬಾರ್ದು."

ಒಂದು ಕೋಣೆಯನ್ನು ಮುಚ್ಚುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೋದಾಮಿನಲ್ಲಿ ಬದಲಿಸಿ ಎಸೆದಿದ್ದ ಬಾಗಿಲ ರಬ್ಬರು ಪಟ್ಟಿಗಳನ್ನು ಕೇಳಿ ತಂದೆ. ಬಚ್ಚಲು ಒಳಗೇ ಇದ್ದ ಹಿಂದಿನ ಕೋಣೆಯ ಬಾಗಿಲ ನಾಲ್ಕೂ ಅಂಚಿಗೆ ಪಟ್ಟಿ ಬಡಿದೆ. ಕಿಟಕಿಗೆ ಥರ್ಮೋಕೋಲು, ಅದರ ಮೇಲೆ ಟೇಪು, ಅದರ ಮೇಲೆ ಇನ್ನೊಂದು ಟೇಪು. ಉಸಿರಿಗೆಂದು ಸಣ್ಣದೊಂದು ಕೊಳವೆ, ಅದರ ಬಾಯಿಗೆ ಮೂರು ಪದರ ಬಟ್ಟೆ. ಹಳೇ ಏಸಿ ಒಂದು ಕಡೆ, ಗಾಳಿ ಶುದ್ಧ ಮಾಡುವ ಯಂತ್ರ ಇನ್ನೊಂದು ಕಡೆ. ಕೋಣೆ ಇಪ್ಪತ್ತಾರು ಡಿಗ್ರಿಯಲ್ಲಿ ನಿಂತಿತು. ಬಾಗಿಲು ಹಾಕಿದಾಗ ಗೋದಾಮಿನ ಬಾಗಿಲಿನಂತೆಯೇ ಗುಪ್ಪೆಂದು ಸದ್ದಾಯಿತು. ನನಗೆ ಎಷ್ಟು ನೆಮ್ಮದಿಯಾಯಿತೆಂದರೆ ಇನ್ನೆರಡು ಸಲ ತೆಗೆದು ಹಾಕಿದೆ.

ಗೋದಾಮಿನ ಬಾಗಿಲಿಗೆ ಒಂದು ನಿಯಮವಿದೆ. ಹಾಕುವ ಮುಂಚೆ ಮೂರು ಸಲ ಬಡಿದು "ಒಳಗೆ ಯಾರು?" ಎಂದು ಕೂಗಬೇಕು. ಒಳಗಿರುವವರು ಹೋದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಕೂಗಿ ಹೇಳಬೇಕು. ನಡುವೆ ಒಂದು ಸಂಖ್ಯೆ ತಪ್ಪಿದರೂ ಬಾಗಿಲು ಹಾಕುವಂತಿಲ್ಲ, ಹೋಗಿ ಹುಡುಕಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಮಾಲಿಯೊಬ್ಬ ಪೆಟ್ಟಿಗೆಗಳ ಹಿಂದೆ ತಲೆ ಸುತ್ತಿ ಬಿದ್ದಿದ್ದ, ನೋಡದೆ ಬಾಗಿಲು ಹಾಕಿದರು. ಜೀವ ಉಳಿಯಿತು, ಮೂರು ಬೆರಳು ಹೋದವು. ಆ ಕಥೆಯನ್ನು ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದ್ದೆ. ಅಂದಿನಿಂದ ಮನೆಗೆ ಬಂದಾಗ ಮೂರು ಸಲ ಬಡಿದು "ಒಳಗೆ ಯಾರು?" ಎನ್ನುವುದು ನನ್ನ ರೂಢಿ. ಅವಳು ಅಡುಗೆಮನೆಯಿಂದ "ಒಂದು" ಎನ್ನುತ್ತಾಳೆ. ಬೇರೆಯವರ ಎದುರು ಹೇಳಿಕೊಳ್ಳುವಂಥ ಪ್ರೀತಿಯ ಮಾತಲ್ಲ, ಆದರೆ ನಮ್ಮಿಬ್ಬರಿಗೆ ಇರುವುದು ಅದೇ.

ಕೋಣೆ ಮುಚ್ಚಿದ ಮೇಲೆ ದಿನಾ ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುವಾಗ ಅದೇ ಬಾಗಿಲ ಮುಂದೆ ನಿಂತು ಬಡಿಯುತ್ತಿದ್ದೆ.

"ಒಳಗೆ ಯಾರು?"

"ಒಂದು."

ಗುಪ್. ಸಂಜೆ ಏಳಕ್ಕೆ ವಾಪಸು. ಈಚೀಚೆಗೆ ಆ "ಒಂದು" ಸ್ವಲ್ಪ ತಡವಾಗಿ ಬರುತ್ತಿತ್ತು. ಮುನಿಸು ಎಂದುಕೊಂಡೆ.

ಮೊದಲ ಅನುಮಾನ ಬಾಮೈದನ ಮೇಲೆ. ಅವನು ಕಾರು ಓಡಿಸುವುದನ್ನು ಕಲಿಸುವ ಶಾಲೆಯಲ್ಲಿ ಮೇಷ್ಟ್ರು. ಹೊಗೆಯಲ್ಲಿ ಕಲಿಯುವವರಿಗೆ ಮುಂದಿನ ಗಾಡಿ ಕಾಣದೆ ಎರಡು ಕಾರು ಜಖಂ ಆದ ಮೇಲೆ ಶಾಲೆಗೆ ರಜೆ ಕೊಟ್ಟಿದ್ದರು. ಅಕ್ಕನನ್ನು ನೋಡಿಕೊಳ್ಳುತ್ತೇನೆ ಎಂದು ಬಂದವನು ನಡುಮನೆಯಲ್ಲಿ ಎದೆಯ ಮೇಲೆ ಒದ್ದೆ ಟವೆಲು ಹಾಕಿಕೊಂಡು ಮಲಗಿರುತ್ತಿದ್ದ. ತಣ್ಣಗಿನ ಕೋಣೆ ಹತ್ತು ಹೆಜ್ಜೆ ದೂರದಲ್ಲಿರುವಾಗ ಅಂಥವನು ಸುಮ್ಮನಿರುತ್ತಾನೆಯೇ? ಬೆಕ್ಕಿನ ಮುಂದೆ ಹಾಲಿಟ್ಟು ಕಾವಲು ಕಾಯಿ ಎಂದ ಹಾಗಾಯಿತು.

"ಮಧ್ಯಾಹ್ನ ಬಾಗಿಲು ತೆಗೀತೀಯೇನೋ?"

"ನಾನ್ಯಾಕೆ ತೆಗೀಲಿ ಭಾವ? ಅಕ್ಕ ಬೈಯಲ್ವಾ?"

"ಮತ್ತೆ ಯಾರು ತೆಗೀತಾರೆ?"

"ಯಾರೂ ತೆಗೆಯಲ್ಲ. ಊಟ ಕೊಡೋವಾಗ ಒಂದ್ಸಲ, ಅಷ್ಟೇ. ಗಬಕ್ ಅಂತ ತೆಗೆದು ಗಬಕ್ ಅಂತ ಹಾಕ್ತೀನಿ."

ಹೇಳುವಾಗ ಅವನು ಚಾವಣಿ ನೋಡುತ್ತಿದ್ದ. ಚಾವಣಿಯಲ್ಲಿ ಫ್ಯಾನು ಬಿಟ್ಟರೆ ಏನೂ ಇರಲಿಲ್ಲ.

ಮಾತಿನಿಂದ ಆಗುವ ಕೆಲಸವಲ್ಲ ಎಂದು ಮರುದಿನ ಹೊರಡುವಾಗ ಬಾಮೈದ ಸ್ನಾನಕ್ಕೆ ಹೋಗಿದ್ದ ಹೊತ್ತು ನೋಡಿ, ಬಾಗಿಲ ಹಿಡಿಗೂ ಪಕ್ಕದ ಮೊಳೆಗೂ ನಡುವೆ ಕಪ್ಪು ದಾರ ಕಟ್ಟಿದೆ. ಪೆಟ್ಟಿಗೆ ಬಿಗಿಯುವಾಗ ಹಾಕುವ ಗಂಟು, ಎರಡು ಸುತ್ತು, ಒಂದು ತಿರುವು. ಊಟ ಕೊಡುವಾಗ ಬಿಚ್ಚಲೇಬೇಕು, ಬಿಚ್ಚಿದವನು ಸಂಜೆ ಒಪ್ಪಿಕೊಳ್ಳಬೇಕು. ನನಗೆ ಬೇಕಿದ್ದದ್ದು ಅವನು ಏನು ಹೇಳುತ್ತಾನೆ ಎಂದು. ಸಂಜೆ ಬಂದು ನೋಡಿದರೆ ದಾರ ಇದ್ದಲ್ಲೇ ಇದೆ. ಬಗ್ಗಿ ನೋಡಿದೆ. ಗಂಟು ನನ್ನದಲ್ಲ.

ಅದು ಬಟ್ಟೆಯ ಮೂಟೆಗೆ ಹಾಕುವ ಗಂಟು. ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಇಡೀ ಕಟ್ಟಡದಲ್ಲಿ ಆ ಗಂಟು ಹಾಕುವ ಕೈ ಒಂದೇ: ನಮ್ಮ ಕೋಣೆಗೆ ಸರಿಯಾಗಿ ಕೆಳಗಿನ ಮನೆಯ ಇಸ್ತ್ರಿಯವಳು. ವಾರಕ್ಕೊಮ್ಮೆ ನನ್ನ ಅಂಗಿಗಳು ಅದೇ ಗಂಟಿನಲ್ಲಿ ಬರುತ್ತವೆ.

ನನ್ನ ಮೈ ಉರಿದುಹೋಯಿತು. ಇಸ್ತ್ರಿಯವಳಿಗೂ ನನಗೂ ಎಣ್ಣೆ ಸೀಗೆಕಾಯಿ. ಹಿಂದಿನ ವರ್ಷದವರೆಗೆ ಅವಳು ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಇದ್ದಿಲ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಇದ್ದಿಲ ಹೊಗೆ ನೇರವಾಗಿ ನಮ್ಮ ಮನೆಗೆ ಏರುತ್ತದೆ, ಮನೆಯಲ್ಲಿ ಉಬ್ಬಸದ ಹೆಂಗಸಿದ್ದಾಳೆ ಎಂದು ನಾನು ಕಟ್ಟಡದ ಸಂಘಕ್ಕೆ ಬರೆದುಕೊಟ್ಟು ಅವಳನ್ನು ಅಲ್ಲಿಂದ ಎಬ್ಬಿಸಿದ್ದೆ. ಈಗ ಅವಳು ತನ್ನ ಒಂದೇ ಕೋಣೆಯ ಮನೆಯಲ್ಲಿ, ಹಾಸಿಗೆ ಹಿಡಿದ ಅತ್ತೆಯ ಪಕ್ಕದಲ್ಲೇ, ಕರೆಂಟಿನ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ಬೇಯುತ್ತಿದ್ದಳು. ಆ ಸೇಡು ಇರದೆ ಹೋದೀತೇ? ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ.

ಆಗ ಒಂದೊಂದಾಗಿ ನೆನಪಾಗತೊಡಗಿತು. ಎರಡು ದಿನದ ಹಿಂದೆ ಕೋಣೆಯಲ್ಲಿ ಗಂಜಿ ಹಾಕಿದ ಬಟ್ಟೆಯ ವಾಸನೆ ಬಂದಿತ್ತು. ಅಡುಗೆಮನೆಯಲ್ಲಿ ತೊಳೆದು ಬೋರಲು ಹಾಕಿದ ಲೋಟಗಳು ಒಂಬತ್ತು ಇದ್ದವು, ಮನೆಯಲ್ಲಿ ಇರುವವರು ಮೂವರು. ಮೆಟ್ಟಿಲಲ್ಲಿ ಎದುರಾದ ಇಸ್ತ್ರಿಯವಳು ಮುಖ ತಿರುಗಿಸುವ ಬದಲು ನಕ್ಕಿದ್ದಳು. ನಗುವ ಶತ್ರುವಿಗಿಂತ ಬೈಯುವ ಶತ್ರು ವಾಸಿ.

ಹೆಂಡತಿಯನ್ನು ನೇರವಾಗಿ ಕೇಳಲಿಲ್ಲ. ಸಾಕ್ಷಿ ಇಲ್ಲದೆ ಕೇಳಿದರೆ ಕಳ್ಳ ಎಚ್ಚರವಾಗುತ್ತಾನೆ ಅಷ್ಟೇ. ಗೋದಾಮಿನ ಮೂಲೆಯಲ್ಲಿ ಒಂದು ಹಳೆಯ ಗೆರೆಯಂತ್ರ ಬಿದ್ದಿತ್ತು. ಗಡಿಯಾರದಂತೆ ಕೀಲಿ ಕೊಟ್ಟರೆ ತಟ್ಟೆಯಷ್ಟು ಅಗಲದ ಕಾಗದವನ್ನು ದಿನಕ್ಕೆ ಒಂದು ಸುತ್ತು ತಿರುಗಿಸುತ್ತದೆ, ಅದರ ಮೇಲೆ ಒಂದು ಪೆನ್ನು ಕೋಣೆಯ ಶಾಖವನ್ನು ಗೆರೆಯಾಗಿ ಎಳೆಯುತ್ತಾ ಹೋಗುತ್ತದೆ. ಮನುಷ್ಯ ಸುಳ್ಳು ಹೇಳಿಯಾನು, ಗೆರೆ ಹೇಳುವುದಿಲ್ಲ. ನಾನು ಮೂವತ್ತು ವರ್ಷ ಓದಿದ ಪುಸ್ತಕ ಅದೊಂದೇ. ಅದನ್ನು ತಂದು ಕೋಣೆಯ ಕಪಾಟಿನ ಮೇಲೆ, ಬಟ್ಟೆಗಳ ಹಿಂದೆ ಇಟ್ಟೆ.

"ಅದೇನ್ರೀ ಟಿಕ್ ಟಿಕ್ ಅನ್ನುತ್ತೆ?" ಎಂದಳು ಹೆಂಡತಿ.

"ಏಸಿ ಸರಿ ಇದೆಯಾ ಅಂತ ನೋಡೋಕೆ."

"ಏಸಿ ನೋಡೋಕೋ, ನನ್ನ ನೋಡೋಕೋ?"

ನಾನು ಬಟ್ಟೆಗಳನ್ನು ಅದರ ಮುಂದೆ ಇನ್ನಷ್ಟು ಸರಿಸಿದೆ. ಅವಳು ಗೋಡೆಗೆ ತಿರುಗಿ ಮಲಗಿದಳು.

ನಾಲ್ಕು ದಿನದ ನಾಲ್ಕು ಕಾಗದ ತೆಗೆದುಕೊಂಡು ಹೋಗಿ ಗೋದಾಮಿನ ಕಚೇರಿಯ ಮೇಜಿನ ಮೇಲೆ ಹರಡಿ ನೋಡಿದೆ. ಮೂರು ದಿನದ ಗೆರೆ ಒಂದೇ ತರಹ. ಊಟದ ಹೊತ್ತಿಗೆ ಒಂದು ಸಣ್ಣ ಮುಳ್ಳು. ಸರಿಯಾಗಿ ಎರಡಕ್ಕೆ ಒಂದು ದೊಡ್ಡ ಮುಳ್ಳು. ಅಲ್ಲಿಂದ ಗೆರೆ ಎರಡು ಡಿಗ್ರಿ ಮೇಲೇರಿ ಐದರವರೆಗೆ ಅಲ್ಲೇ ನಿಂತಿದೆ. ಐದಕ್ಕೆ ಇನ್ನೊಂದು ದೊಡ್ಡ ಮುಳ್ಳು, ಆಮೇಲೆ ಗೆರೆ ಇಳಿದಿದೆ. ನಾಲ್ಕನೆಯದು ನನ್ನ ವಾರದ ರಜೆಯ ದಿನದ್ದು. ಅದರಲ್ಲಿ ಊಟದ ಸಣ್ಣ ಮುಳ್ಳು ಬಿಟ್ಟರೆ ಗೆರೆ ಕೆರೆಯ ನೀರಿನಷ್ಟು ಸಮ.

ಇನ್ನೇನು ಬೇಕು? ಊರಲ್ಲಿ ಹೊಗೆ ಕವಿಯುವ ಅದೇ ಮೂರು ಗಂಟೆ, ನಾನಿಲ್ಲದ ದಿನ ಮಾತ್ರ, ಕೋಣೆಯ ಬಾಗಿಲು ಓರೆಯಾಗಿ ತೆರೆದಿರುತ್ತದೆ. ಹೆಂಡತಿಯ ಎದೆಗೆ ಹೊಗೆ ಹೋಗುತ್ತಿದೆ. ಡಾಕ್ಟರು ಹೇಳಿದ ಮಾತು ಕಿವಿಯಲ್ಲಿ ಗುಂಯ್ಗುಟ್ಟಿತು. ಇಸ್ತ್ರಿಯವಳು ಬಂದು ತಣ್ಣಗೆ ಕೂತು ಹರಟೆ ಹೊಡೆಯುತ್ತಾಳೆ, ಬಾಮೈದ ಬಾಗಿಲಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಕೂತು ಕೇಳುತ್ತಾನೆ, ಇವಳು ದಾಕ್ಷಿಣ್ಯಕ್ಕೆ ಸುಮ್ಮನಿದ್ದಾಳೆ. ಇವಳ ಜೀವ ಹೋದರೆ ಹೋಗುವುದು ನನ್ನದು, ಅವರದಲ್ಲ. ಕೋಪಕ್ಕೆ ಮೊದಲು ಭಯವಾಯಿತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಆ ಮಧ್ಯಾಹ್ನವೇ ಅರ್ಧ ದಿನ ರಜೆ ಹಾಕಿದೆ. ಮೂವತ್ತು ವರ್ಷದಲ್ಲಿ ಭೂತಗನ್ನಡಿ ಅರ್ಧ ದಿನ ರಜೆ ಹಾಕಿದ್ದು ಅದೇ ಮೊದಲು. ಹಮಾಲಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಸ್ಸು ಇಳಿಯುವಾಗ ಎರಡೂಕಾಲು. ಗಾಳಿ ತಿರುಗಿಯಾಗಿತ್ತು. ಸುಟ್ಟ ರಬ್ಬರಿನ ವಾಸನೆ ಗಂಟಲಲ್ಲಿ ಕೂತಿತು. ಹಗಲಲ್ಲೇ ಗಾಡಿಗಳು ದೀಪ ಹಾಕಿಕೊಂಡು ತೆವಳುತ್ತಿದ್ದವು. ಚೌಕದ ಪೊಲೀಸಿನವನು ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೈ ಬೀಸುತ್ತಿದ್ದ, ಯಾರಿಗೂ ಆ ಕೈ ಕಾಣುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಕಟ್ಟಡದ ಬಾಗಿಲಲ್ಲಿ ಕಾವಲುಗಾರನ ಕುರ್ಚಿ ಖಾಲಿ. ಇಸ್ತ್ರಿಯವಳ ಮನೆಗೆ ಬೀಗ. ಹೌದಲ್ಲ, ಎಂದುಕೊಂಡೆ.

ನಮ್ಮ ಮೆಟ್ಟಿಲ ತಿರುವಿನಲ್ಲಿ ಬಾಮೈದ ಒಂದು ಗೋಣಿಚೀಲದ ಮೇಲೆ ಕೂತಿದ್ದ. ಮೂಗಿಗೆ ಟವೆಲು ಸುತ್ತಿತ್ತು. ನನ್ನನ್ನು ಕಂಡು ಎದ್ದವನು ಜೋರಾಗಿ ಕೆಮ್ಮಿದ. ಹೊಗೆಯ ಕೆಮ್ಮಲ್ಲ, ಎಚ್ಚರಿಕೆಯ ಕೆಮ್ಮು.

"ಭಾವ! ಏನಿಷ್ಟು ಬೇಗ? ಹುಷಾರಿಲ್ವಾ? ಬನ್ನಿ, ಕೆಳಗೆ ಹೋಗಿ ಒಂದು ಲೋಟ ಚಹಾ ಕುಡಿಯೋಣ."

"ಈ ಹೊಗೆಯಲ್ಲಿ ಚಹಾನಾ? ಚೀಲದಲ್ಲಿ ಏನೋ?"

"ಏನಿಲ್ಲ ಭಾವ, ಈರುಳ್ಳಿ."

ಚೀಲದ ಬಾಯಿ ಎಳೆದೆ. ಚಪ್ಪಲಿಗಳು. ಹೆಂಗಸರವು, ಗಂಡಸರವು, ಚಿಕ್ಕ ಮಕ್ಕಳವು ಎರಡು ಜೊತೆ. ಒಟ್ಟು ಏಳು ಜೊತೆ. ಒಬ್ಬಳಲ್ಲ, ಏಳು ಜನ! ನನ್ನ ತಲೆ ಕೆಟ್ಟು ಹೋಯಿತು. ನಾನು ಟೇಪಿನ ಮೇಲೆ ಟೇಪು ಅಂಟಿಸಿ ಮಾಡಿದ ಕೋಣೆಯನ್ನು ಇವರು ಛತ್ರ ಮಾಡಿಕೊಂಡಿದ್ದಾರೆ.

"ಭಾವ, ಅಕ್ಕಂಗೆ ಏನೂ ಅನ್ಬೇಡಿ," ಎಂದು ಅವನು ಹಿಂದಿನಿಂದ ಕೂಗುತ್ತಿದ್ದ. ನಾನು ಎರಡೆರಡು ಮೆಟ್ಟಿಲು ಹತ್ತಿ ನಡುಮನೆ ದಾಟಿ ಕೋಣೆಯ ಮುಂದೆ ನಿಂತೆ.

ಬಾಗಿಲು ಓರೆಯಾಗಿರಲಿಲ್ಲ. ರಬ್ಬರು ಪಟ್ಟಿ ನಾಲ್ಕೂ ಕಡೆ ಕಚ್ಚಿಕೊಂಡು ಬಿಗಿಯಾಗಿ ಮುಚ್ಚಿತ್ತು. ಬಾಗಿಲ ಕೆಳಗೆ ಒದ್ದೆ ಟವೆಲು ಬೇರೆ ತುರುಕಿದ್ದರು. ನಾನು ದಡಾರನೆ ನುಗ್ಗಬೇಕೆಂದು ಬಂದವನು. ಆದರೆ ಮೂವತ್ತು ವರ್ಷದ ಕೈ ನನ್ನ ಮಾತು ಕೇಳಲಿಲ್ಲ. ಅದು ತಾನಾಗಿ ಮೇಲೆದ್ದು ಮೂರು ಸಲ ಬಡಿಯಿತು.

"ಒಳಗೆ ಯಾರು?"

ಬಾಗಿಲಿಗೆ ಕಿವಿ ಒತ್ತಿದೆ. ಒಳಗಿಂದ ಒಂದು ಹೆಂಗಸಿನ ಜೋರು ಕೂಗು ಸಣ್ಣಗೆ ಕೇಳಿಸಿತು. "ಎರಡು."

ಮುದುಕಿಯ ದನಿ: "ಮೂರು."

"ನಾಲ್ಕು." "ಐದು!" "ಆರು!" ಕೊನೆಯೆರಡು ಮಕ್ಕಳ ದನಿ, ಆಟದಲ್ಲಿ ಕೂಗುವಂತೆ. "ಏಳು." "ಎಂಟು." ಗೊಗ್ಗರು ದನಿಯಲ್ಲಿ "ಒಂಬತ್ತು."

ನನ್ನ ನಿಯಮ. ನನ್ನ ಮನೆಯಲ್ಲಿ, ನನಗೆ ಗೊತ್ತಿಲ್ಲದೆ, ಯಾರೋ ಇವರಿಗೆಲ್ಲ ಅದನ್ನು ಕಲಿಸಿದ್ದಾರೆ. ಯಾರು ಎಂದು ಕೇಳಬೇಕಾಗಿರಲಿಲ್ಲ. ಕೋಪ ಅಲ್ಲೇ ಅರ್ಧ ನಿಂತಿತು. ಆಗ ತಲೆಗೆ ಹೊಳೆಯಿತು, ಲೆಕ್ಕ ಎರಡರಿಂದ ಶುರುವಾಗಿದೆ.

ಒಂದು ಎಲ್ಲಿ?

ಒಂದು ಸಂಖ್ಯೆ ತಪ್ಪಿದರೆ ಹೋಗಿ ಹುಡುಕಬೇಕು. ಬಾಗಿಲು ಎಳೆದೆ.

ಹೆಂಡತಿ ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದಳು. ಎರಡು ಕೈಯೂ ಮೊಣಕಾಲ ಮೇಲೆ ಊರಿದ್ದವು, ಹೆಗಲು ಕಿವಿಯವರೆಗೆ ಎದ್ದಿತ್ತು. ತುಟಿ ಬಣ್ಣಗೆಟ್ಟಿತ್ತು. ಎದೆಯೊಳಗಿನ ಸಿಳ್ಳೆ ಬಾಗಿಲವರೆಗೂ ಕೇಳುತ್ತಿತ್ತು. ಅವಳಿಗೆ ಮಾತು ಹೊರಡುತ್ತಿರಲಿಲ್ಲ. ನನ್ನನ್ನು ನೋಡಿ ಒಂದು ಬೆರಳು ಎತ್ತಿ ತೋರಿಸಿದಳು.

ಅವಳ ಬೆನ್ನ ಹಿಂದೆ ಕೂತು ಒಂದು ತೋಳಿನಿಂದ ಬಳಸಿ ಹಿಡಿದಿದ್ದವಳು ಇಸ್ತ್ರಿಯವಳು. ಇನ್ನೊಂದು ಕೈಯಲ್ಲಿ ಬಾಯಿಗೆ ಒತ್ತುವ ಔಷಧಿಯ ಪಂಪು ಹಿಡಿದಿದ್ದಳು.

"ಬಾಗ್ಲು ಹಾಕ್ರಿ ಮೊದ್ಲು!" ಎಂದು ಗದರಿದಳು. "ಒಳಗೆ ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ಆಚೆ ಇರಿ. ಎಲ್ಲಾ ಹೊಗೆ ಒಳಗೆ ಬಿಡ್ತಾ ನಿಂತಿದ್ದೀರಲ್ಲ!"

ನಾನು ಒಳಗೆ ಹೋಗಿ ಬಾಗಿಲು ಹಾಕಿದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

"ಅಕ್ಕ, ಇನ್ನೊಂದು ಸಲ. ಉಸಿರು ಬಿಡಿ, ಪೂರ್ತಿ ಬಿಡಿ. ಈಗ ಎಳೀರಿ. ಹಿಡ್ಕೊಳ್ಳಿ. ಒಂದು, ಎರಡು, ಮೂರು..." ಇಸ್ತ್ರಿಯವಳು ಎಣಿಸುತ್ತಿದ್ದಳು. ಎದುರು ಮನೆಯ ಅವಳಿ ಮಕ್ಕಳು ಅವಳ ಜೊತೆ ಪಿಸುಗುಟ್ಟಿ ಎಣಿಸುತ್ತಿದ್ದವು. ಇಸ್ತ್ರಿಯವಳ ಅತ್ತೆ ನೆಲದ ಮೇಲೆ ಹಾಸಿಗೆಯಲ್ಲಿ ಮಲಗಿದ್ದಳು, ಎತ್ತಿ ತಂದವಳಿಗೆ ಚಪ್ಪಲಿ ಬೇಕಿಲ್ಲವಲ್ಲ. ಮೇಲಿನ ಮಹಡಿಯ ತುಂಬು ಬಸುರಿಯೊಬ್ಬಳು ನನ್ನ ಹೆಂಡತಿಯ ಪಾದ ಉಜ್ಜುತ್ತಿದ್ದಳು. ಮೂರನೇ ಮಹಡಿಯ ಮುದಿ ದಂಪತಿ ಗೋಡೆಗೆ ಅಂಟಿಕೊಂಡು ಕೂತಿದ್ದರು. ಮೂಲೆಯಲ್ಲಿ ಕಾವಲುಗಾರ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ, ನಾನು ಕೆಲಸದಿಂದ ತೆಗೆಸುತ್ತೇನೆ ಎಂಬ ಮುಖ ಮಾಡಿಕೊಂಡು.

ಕಾಲು ಗಂಟೆ ಹಿಡಿಯಿತು. ನಾನು ಅವಳ ಮುಂದೆ ನೆಲದ ಮೇಲೆ ಕೂತಿದ್ದೆ. ಮೊದಲು ಹೆಗಲು ಇಳಿಯಿತು, ಆಮೇಲೆ ಸಿಳ್ಳೆ ಕಡಿಮೆಯಾಯಿತು, ತುಟಿಗೆ ಬಣ್ಣ ಬಂತು.

"ಯಾವತ್ತಿಂದ?" ಎಂದು ಕೇಳಿದೆ. ಯಾವುದನ್ನು ಕೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಉತ್ತರ ಕೊಟ್ಟವಳು ಇಸ್ತ್ರಿಯವಳು. "ನೀವು ರೂಮು ಮುಚ್ಚಿದ ನಾಲ್ಕನೇ ದಿನ. ಅಕ್ಕನ ತಮ್ಮ ಔಷಧಿ ತರೋಕೆ ಹೋಗಿದ್ರು. ಅಕ್ಕಂಗೆ ಹಿಡ್ಕೊಂಡಿದೆ, ಪಂಪು ಕೈ ಜಾರಿ ಮಂಚದ ಕೆಳಗೆ ಹೋಗಿದೆ. ಕೂಗಿದ್ರೆ ಕೇಳೋ ಹಂಗೆ ಮಾಡಿದ್ದೀರಾ ನೀವು ಈ ರೂಮನ್ನ? ಪಾಪ, ಸ್ಟೂಲು ಎತ್ತಿ ನೆಲಕ್ಕೆ ಬಡಿದಿದ್ದಾರೆ, ಮೂರು ಸಲ. ನಾನು ಕೆಳಗಿದ್ದೆ, ಕೇಳಿಸ್ತು. ಮೇಲಿನ ಮನೇಲಿ ಇದೇನಪ್ಪ ಜಗಳ ಅಂತ ಓಡಿಬಂದೆ."

ಅವಳು ಮುಂದೆ ಹೇಳದಿದ್ದರೂ ನನಗೆ ಕಾಣುತ್ತಿತ್ತು. ಆವತ್ತು ಬೆಳಗ್ಗೆಯೂ ನಾನು ಬಾಗಿಲು ಬಡಿದು "ಒಳಗೆ ಯಾರು?" ಎಂದಿದ್ದೆ. ಹೆಂಡತಿ "ಒಂದು" ಎಂದಿದ್ದಳು. ಉಬ್ಬಸದ ಹೆಂಗಸು, ಒಂದೇ ಒಂದು, ಹನ್ನೊಂದು ಗಂಟೆ, ಸದ್ದು ಹೊರಗೆ ಹೋಗದ ಕೋಣೆ. ಅದನ್ನು ಕೇಳಿಯೂ ನಾನು ಬಾಗಿಲು ಹಾಕಿಕೊಂಡು ಹೋಗಿದ್ದೆ. ಬೆರಳು ಕಳೆದುಕೊಂಡ ಹಮಾಲಿಯ ಕಥೆ ಹೇಳುತ್ತಾ ತಿರುಗುವವನು ನಾನು. ನನಗೆ ನಾಚಿಕೆಯಾಯಿತು. ತಲೆ ಎತ್ತಲಾಗಲಿಲ್ಲ.

"ನಂಗೆ ಹೇಳ್ಬೋದಿತ್ತಲ್ಲ," ಎಂದೆ ಹೆಂಡತಿಗೆ.

"ಹೇಳಿದ್ರೆ..." ಅವಳು ಉಸಿರಿಗೆ ನಿಂತಳು. "ಹೇಳಿದ್ರೆ ನೀವು ಇನ್ನೊಂದು ಪಟ್ಟಿ ಬಡೀತಿದ್ರಿ. ಇವಳು ಬರ್ತಾಳೆ ಅಂದ್ರೆ ಬಿಡ್ತಿದ್ರಾ? ಮೆಟ್ಟಿಲ ಕೆಳಗಿಂದ ಎಬ್ಬಿಸಿದೋರು ಮಂಚದ ಮೇಲೆ ಕೂರಿಸ್ತಿದ್ರಾ?"

"ಎಂಟು ಜನ ಯಾಕೆ?"

"ಇವಳ ಅತ್ತೆನ ಆ ಹೊಗೇಲಿ ಬಿಟ್ಟು ಬಾ ಅನ್ನೋಕಾಗುತ್ತಾ? ಆಮೇಲೆ ಬಸುರಿ. ಆಮೇಲೆ ಮಕ್ಕಳು. ಎರಡಕ್ಕೆ ಒಂದ್ಸಲ ತೆಗೆಯೋದು, ಐದಕ್ಕೆ ಒಂದ್ಸಲ. ನಡುವೆ ಯಾರೂ ಏಳೋ ಹಂಗಿಲ್ಲ. ಬಂದೋರೆಲ್ಲ ನಂಬರು ಹೇಳ್ಬೇಕು. ನಿಮ್ಮ ಗೋದಾಮಿಗಿಂತ ಕಟ್ಟುನಿಟ್ಟು."

"ಅದಕ್ಕೇ ಇವತ್ತು ಹಿಡ್ಕೊಂಡಿದ್ದು. ಬಾಗಿಲು ತೆಗೆದು ತೆಗೆದು."

"ಇರಬೋದು," ಎಂದಳು. ವಾದ ಮಾಡಲಿಲ್ಲ. "ತೆಗೆದಿದ್ದಕ್ಕೇ ಬಂತೋ ಏನೋ. ತೆಗೆಯದೇ ಇದ್ದಾಗಲೂ ಬಂತಲ್ಲ. ಬಂದಾಗ ಪಂಪು ಹುಡುಕಿ ಕೊಡೋಕೆ ಒಂದು ಕೈ ಇರ್ಲಿ ಅಂತ."

ಕಪಾಟಿನ ಮೇಲೆ ಗೆರೆಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ಎದ್ದು ಬಟ್ಟೆ ಸರಿಸಿ ನೋಡಿದೆ. ಎರಡರ ಮುಳ್ಳು, ಅಲ್ಲಿಂದ ಎರಡು ಡಿಗ್ರಿ ಮೇಲಿನ ಗೆರೆ, ಈಗ ನಾನು ಬಂದಾಗಿನ ಇನ್ನೊಂದು ಮುಳ್ಳು. ಮೇಲಿನ ಗೆರೆ ನುಣ್ಣಗಿತ್ತು. ಗೋದಾಮಿನಲ್ಲಿ ನಿನ್ನೆ ಸೇರಿದ ಹಮಾಲಿಗೂ ಇದು ಗೊತ್ತು: ಬಾಗಿಲು ಓರೆಯಾಗಿದ್ದರೆ ಗೆರೆ ನಡುಗುತ್ತದೆ, ಗಾಳಿ ಬಂದು ಹೋಗುತ್ತಿರುತ್ತದಲ್ಲ. ಬಾಗಿಲು ಭದ್ರವಾಗಿ ಮುಚ್ಚಿ ಒಳಗೆ ಬೆಚ್ಚಗಿನ ಸರಕು ಇಟ್ಟಾಗ ಮಾತ್ರ ಗೆರೆ ಹೀಗೆ ಮೇಲೇರಿ ನುಣ್ಣಗೆ ನಿಲ್ಲುತ್ತದೆ. ಮೂರು ದಿನದ ಅದೇ ಗೆರೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದೆ. ಕಳ್ಳನನ್ನು ಹುಡುಕುವ ಭರದಲ್ಲಿ ಮೈ ಬಿಸಿ ಇರುವ ಮನುಷ್ಯರು ನನಗೆ ಕಂಡಿರಲಿಲ್ಲ.

ಅಷ್ಟರಲ್ಲಿ ಹೊರಗಿಂದ ಬಾಗಿಲು ಬಡಿದ ಸದ್ದು. ಮೂರು ಸಲ. ಬಾಮೈದನ ದನಿ ಹೆದರಿತ್ತು. ಒಳಗೆ ಕೊಲೆಯಾಗಿದೆ ಎಂದುಕೊಂಡಿದ್ದನೋ ಏನೋ.

"ಒಳಗೆ ಯಾರು?"

ಎಲ್ಲರೂ ಹೆಂಡತಿಯ ಕಡೆ ನೋಡಿದರು. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಉಸಿರು ಎಳೆದಳು. ಸಿಳ್ಳೆ ಬಂತು, ಆದರೆ ದನಿಯೂ ಬಂತು.

"ಒಂದು."

ಇಪ್ಪತ್ತೆಂಟು ವರ್ಷ ಆ ಮಾತು ಕೇಳಿದ್ದೇನೆ. ಬಾಗಿಲ ಈಚೆ ಕೂತು ಕೇಳಿದ್ದು ಅದೇ ಮೊದಲು. ನನ್ನ ಕಣ್ಣು ತುಂಬಿಕೊಂಡವು. ಹೊಗೆ ಎಂದು ಹೇಳುವಂತಿರಲಿಲ್ಲ, ಆ ಕೋಣೆಯಲ್ಲಿ ಹೊಗೆ ಇರಲಿಲ್ಲ.

"ಎರಡು," ಎಂದಳು ಇಸ್ತ್ರಿಯವಳು. ಅವಳ ಅತ್ತೆ, ಬಸುರಿ, ಮಕ್ಕಳು, ಮುದುಕ, ಮುದುಕಿ. "ಒಂಬತ್ತು," ಎಂದ ಕಾವಲುಗಾರ, ಟೋಪಿಯನ್ನು ಇನ್ನೂ ಹಿಸುಕುತ್ತಾ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಮಕ್ಕಳಲ್ಲಿ ಒಂದು ನನ್ನ ತೋಳು ತಟ್ಟಿತು.

"ಹತ್ತು," ಎಂದೆ.

"ಏನು? ಕೇಳಿಸ್ಲಿಲ್ಲ," ಎಂದ ಬಾಮೈದ ಹೊರಗಿಂದ.

"ಇಷ್ಟು ಸಣ್ಣಗೆ ಹೇಳಿದ್ರೆ ಹೆಂಗೆ ಫೋರ್‌ಮನ್ ಸಾಹೇಬ್ರೇ," ಎಂದಳು ಇಸ್ತ್ರಿಯವಳು. "ಈ ಬಾಗ್ಲು ದಾಟಿ ಸದ್ದು ಹೋಗಲ್ಲ ಅಂತ ನಿಮಗೆ ಗೊತ್ತಲ್ಲ. ಜೋರಾಗಿ ಹೇಳಿ."

ನಾನು ಜೋರಾಗಿ ಹೇಳಿದೆ.